ಮೂರು ದಿನ ಸೆಕೆ, ನಾಲ್ಕನೆಯ ದಿನ ಬೆಂಕಿ: ಲಿಟ್ಟನ್ ಪ್ರಕರಣ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಫ್ರೇಸರ್ ಮತ್ತು ಥಾಂಪ್ಸನ್ ನದಿಗಳು ಕೂಡುವ ಕಡೆ ಲಿಟ್ಟನ್ ಎಂಬ ಪುಟ್ಟ ಊರು. ಊರಿನ ಎಲ್ಲೆಯೊಳಗೆ ಸುಮಾರು 250 ಜನ, ಸುತ್ತಲಿನ ನ್ಲಕಪಮುಕ್ ಮೂಲನಿವಾಸಿಗಳ ನೆಲೆಗಳನ್ನು ಸೇರಿಸಿದರೆ ಸಾವಿರಕ್ಕೂ ಮೇಲೆ. 2021ರ ಜೂನ್ 27ರಂದು ಅಲ್ಲಿ ತಾಪಮಾನ 46.6 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. 28ರಂದು 47.9, 29ರಂದು 49.6. ಅದುವರೆಗೆ ಇಡೀ ಕೆನಡಾದ ದಾಖಲೆ 1937ರಲ್ಲಿ ಸಸ್ಕಾಚುವಾನ್‌ನಲ್ಲಿ ಬರೆದಿಟ್ಟ 45 ಡಿಗ್ರಿ. ಮರುಭೂಮಿಯ ನಡುವಿನ ಲಾಸ್ ವೇಗಸ್‌ನ ಅಂದಿನ ದಾಖಲೆಯೂ 47.2 ದಾಟಿರಲಿಲ್ಲ. 30ರ ಸಂಜೆ ಊರಿನ ಹತ್ತರಲ್ಲಿ ಒಂಬತ್ತು ಪಾಲು ಸುಟ್ಟುಹೋಯಿತು. ಇಬ್ಬರು ಸತ್ತರು.

ಲಿಟ್ಟನ್ ಬಗ್ಗೆ ಮಾತು ಬಂದರೆ ಎಲ್ಲರೂ 49.6ಕ್ಕೇ ನಿಂತುಬಿಡುತ್ತಾರೆ. ಆ ಸಂಖ್ಯೆ ಬೆರಗು ಹುಟ್ಟಿಸುವಂಥದ್ದೇ. ಆದರೆ ಕಾಡಂಚಿನಲ್ಲಿ ಮನೆ ಇರುವವರು ಈ ಪ್ರಕರಣದಿಂದ ತೆಗೆದುಕೊಳ್ಳಬೇಕಾದ್ದು ಬೇರೆಯೇ ಇದೆ. ಸೆಕೆಗೆ ಒಂದು ಸಿದ್ಧತೆ, ಬೆಂಕಿಗೆ ಇನ್ನೊಂದು ಎಂದು ಇಲಾಖೆಗಳೂ ಮನೆಯವರೂ ಎರಡನ್ನೂ ಬೇರೆ ಬೇರೆ ಗಂಟು ಕಟ್ಟಿ ಇಟ್ಟಿರುತ್ತಾರೆ. ಎರಡೂ ಒಂದೇ ವಾರ ಒಂದೇ ಮನೆಯ ಮೇಲೆ ಬಂದಾಗ ಸೆಕೆ ತಡೆಯಲು ಮಾಡಿದ ಉಪಾಯವೇ ಕಿಡಿಗೆ ಬಾಗಿಲು ತೆಗೆಯುತ್ತದೆ, ಕಿಡಿ ತಡೆಯಲು ಮಾಡಿದ್ದು ಮನೆಯನ್ನು ಒಲೆ ಮಾಡುತ್ತದೆ.

ಒಣಗಿದ್ದು ಏನು, ಎಷ್ಟು ಹೊತ್ತಿನಲ್ಲಿ

ಆ ವಾರ ಪಶ್ಚಿಮ ಉತ್ತರ ಅಮೆರಿಕದ ಮೇಲೆ ಕೂತಿದ್ದು ಹೀಟ್ ಡೋಮ್. ಅಧಿಕ ಒತ್ತಡದ ಗಾಳಿ ಮುಚ್ಚಳದಂತೆ ನಿಂತುಬಿಡುತ್ತದೆ. ಮೇಲಿನ ಗಾಳಿ ಕೆಳಗಿಳಿಯುತ್ತಾ ಒತ್ತಿಕೊಂಡು ಬಿಸಿಯಾಗುತ್ತದೆ, ಪ್ರತಿ ಕಿಲೋಮೀಟರ್ ಇಳಿತಕ್ಕೆ ಸುಮಾರು 10 ಡಿಗ್ರಿ. ಮೋಡ ಕಟ್ಟುವುದಿಲ್ಲ. ಜೂನ್ ಕೊನೆ ಎಂದರೆ ಆ ಅಕ್ಷಾಂಶದಲ್ಲಿ ಹಗಲು ಹದಿನಾರು ಗಂಟೆ. ಲಿಟ್ಟನ್ ಕರಾವಳಿ ಪರ್ವತಗಳ ಮಳೆ ಮರೆಯಲ್ಲಿ, ಆಳವಾದ ಕಣಿವೆಯೊಳಗೆ ಇರುವುದರಿಂದ ಮಾಮೂಲಿ ವರ್ಷದಲ್ಲೂ ದೇಶದ ಅತಿ ಬಿಸಿ ಊರುಗಳಲ್ಲೊಂದು. ಒಳನಾಡು ಕಾದಂತೆ ಮಧ್ಯಾಹ್ನದ ಮೇಲೆ ಕಣಿವೆಯುದ್ದಕ್ಕೂ ದಕ್ಷಿಣದಿಂದ ಗಾಳಿ ಏರಿ ಬರುತ್ತದೆ. ಊರಿನವರಿಗೆ ಅದು ದಿನನಿತ್ಯದ ಗಾಳಿ.

ಹುಲ್ಲು ಒಣಗಲು ಮೂರು ದಿನದ ಸೆಕೆ ಬೇಕಿಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಆರು ಮಿಲಿಮೀಟರ್‌ಗಿಂತ ತೆಳುವಾದ ಸತ್ತ ಹುಲ್ಲು, ಸೂಜಿ ಎಲೆ, ಕಡ್ಡಿ ಇವು ಸುತ್ತಲ ಗಾಳಿಯ ತೇವಕ್ಕೆ ಒಂದೆರಡು ಗಂಟೆಯಲ್ಲಿ ಹೊಂದಿಕೊಳ್ಳುತ್ತವೆ. ಬೆಳಿಗ್ಗೆ ಇಬ್ಬನಿಯಲ್ಲಿ ಮೆತ್ತಗಿದ್ದದ್ದು ಮಧ್ಯಾಹ್ನಕ್ಕೆ ಗರಿಗರಿ. ಮೂರು ದಿನದ ಸೆಕೆ ಕೆಲಸ ಮಾಡಿದ್ದು ಅದಕ್ಕಿಂತ ದಪ್ಪದ ವಸ್ತುಗಳ ಮೇಲೆ: ಬೆರಳು ಗಾತ್ರದ ಕೊಂಬೆ, ಗಿಡದ ಬುಡಕ್ಕೆ ಹಾಸಿದ ತೊಗಟೆ ಚೂರು, ಮರದ ಬೇಲಿ, ಜಗಲಿಯ ಹಲಗೆಯ ಮೇಲ್ಪದರ. ಬೇರೆ ದಿನ ಕಿಡಿ ಬಿದ್ದರೆ ಹೊಗೆಯಾಡಿ ಆರಿಹೋಗಬಹುದಾದ ವಸ್ತುಗಳು ಇವು. ಆ ದಿನ ಅವೇ ಹೊತ್ತಿಕೊಳ್ಳುವ ಸ್ಥಿತಿಗೆ ಬಂದಿದ್ದವು. ಕಾಡಿಗಿಂತ ಹೆಚ್ಚಾಗಿ ಬದಲಾಗಿದ್ದು ಮನೆಯ ಅಂಗಳ.

ಬೆಂಕಿ ಸಿಬ್ಬಂದಿ ಬಳಸುವ ಒಂದು ಒರಟು ಲೆಕ್ಕವಿದೆ. ತಾಪಮಾನ 30 ಡಿಗ್ರಿಗಿಂತ ಮೇಲೆ, ಗಾಳಿಯ ತೇವಾಂಶ ಶೇ. 30ಕ್ಕಿಂತ ಕೆಳಗೆ, ಗಾಳಿಯ ವೇಗ ಗಂಟೆಗೆ 30 ಕಿಲೋಮೀಟರ್‌ಗಿಂತ ಹೆಚ್ಚು. ಈ ಮೂರೂ ಒಟ್ಟಿಗೆ ಬಿದ್ದರೆ ಹೊತ್ತಿದ ಬೆಂಕಿಯನ್ನು ಆರಂಭದಲ್ಲೇ ಹಿಡಿಯುವ ಆಸೆ ಇಟ್ಟುಕೊಳ್ಳಬಾರದು. ಕೆನಡಾದಲ್ಲಿ ಇನ್ನೂ ಸರಳ ಗುರುತು ಬಳಕೆಯಲ್ಲಿದೆ: ತಾಪಮಾನದ ಅಂಕಿ ತೇವಾಂಶದ ಅಂಕಿಯನ್ನು ದಾಟಿತೇ ಎಂದು ನೋಡುತ್ತಾರೆ. ಲಿಟ್ಟನ್‌ನಲ್ಲಿ ಅದು ದಾಟಿ ದಿನಗಳೇ ಆಗಿದ್ದವು. ಮನೆಯಲ್ಲಿ ಒಂದು ಅಗ್ಗದ ತೇವಮಾಪಕ ನೇತುಹಾಕಿಕೊಂಡರೆ ಈ ಲೆಕ್ಕವನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು.

ಸಂಜೆ ಆರರ ಆದೇಶ

ಜೂನ್ 30ರ ಇಳಿಹೊತ್ತಿನಲ್ಲಿ ಊರಿನ ದಕ್ಷಿಣ ಅಂಚಿನ ಹುಲ್ಲುಗಾವಲಿನಲ್ಲಿ ಹೊಗೆ ಕಂಡಿತು. ಗಾಳಿ ಅದನ್ನು ನೇರವಾಗಿ ಮನೆಗಳ ಕಡೆ ತಳ್ಳಿತು. ಸಂಜೆ 6ಕ್ಕೆ ಊರಿನ ಮೇಯರ್ ಜಾನ್ ಪೋಲ್ಡರ್‌ಮನ್ ತೆರವು ಆದೇಶ ಹೊರಡಿಸಿದರು. ಹೊಗೆ ಕಂಡದ್ದಕ್ಕೂ ಎಲ್ಲೆಲ್ಲೂ ಬೆಂಕಿ ಕಂಡದ್ದಕ್ಕೂ ನಡುವೆ ಹದಿನೈದು ನಿಮಿಷದಷ್ಟೇ ಅಂತರವಿತ್ತು ಎಂದು ಅವರೇ ನಂತರ ಹೇಳಿದರು. ಬೆಂಕಿಯ ಮೂಲದ ಬಗ್ಗೆ ರೈಲಿನ ಕಡೆ ಬೆರಳು ತೋರಿಸಿದವರು ಬಹಳ. ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿ ಅದೇ ವರ್ಷ ಅಕ್ಟೋಬರ್‌ನಲ್ಲಿ, ರೈಲು ಸಂಚಾರವನ್ನು ಈ ಬೆಂಕಿಗೆ ಜೋಡಿಸುವ ಪುರಾವೆ ಸಿಕ್ಕಿಲ್ಲ ಎಂದಿತು.

ಹದಿನೈದು ನಿಮಿಷದಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂದು ಲೆಕ್ಕ ಹಾಕಿ ನೋಡಿ. ಹಾಸಿಗೆ ಹಿಡಿದ ಒಬ್ಬರನ್ನು ಎಬ್ಬಿಸಿ ಕಾರಿಗೆ ಕೂರಿಸಲು ಹತ್ತು ನಿಮಿಷ ಬೇಕು. ಬೆಕ್ಕನ್ನು ಹಿಡಿದು ಪೆಟ್ಟಿಗೆಗೆ ಹಾಕಲು ಐದು. ಗುಳಿಗೆ, ಕನ್ನಡಕ, ಪಾಸ್‌ಪೋರ್ಟ್ ಹುಡುಕಲು ಕೂತರೆ ಸಮಯ ಮುಗಿಯಿತು. ಮೂರು ರಾತ್ರಿ ಸರಿಯಾಗಿ ನಿದ್ದೆಯಿಲ್ಲದೆ, ನೀರು ಸಾಲದೆ ಬಳಲಿದ ಮೈಗೆ ಇಷ್ಟೂ ಕೆಲಸ ನಿಧಾನವೇ. ಸೆಕೆಯ ಅಲೆಯಲ್ಲಿ ತೆರವಿನ ವೇಗವನ್ನು ಎಂದಿನ ಲೆಕ್ಕದಲ್ಲಿ ಹಾಕಬಾರದು ಎನ್ನುವುದಕ್ಕೆ ಇದೇ ಕಾರಣ.

ಆದ್ದರಿಂದ ಆದೇಶಕ್ಕೆ ಕಾಯುವ ಯೋಜನೆ ಯೋಜನೆಯೇ ಅಲ್ಲ. ನಡೆಯಲಾಗದವರು, ಆಮ್ಲಜನಕದ ಯಂತ್ರ ಬೇಕಾದವರು, ಎಳೆಗೂಸು ಇರುವವರು ಮೇಲೆ ಹೇಳಿದ ಮೂರು ಮೂವತ್ತುಗಳು ಕೂಡಿದ ದಿನ ಬೆಳಿಗ್ಗೆಯೇ ತಂಪಾದ ಬೇರೆ ಊರಿಗೆ ಹೋಗಿಬಿಡುವುದು ಮೇಲು. ಅಲ್ಲಿ ಸೆಕೆಯಿಂದಲೂ ಉಳಿದಂತಾಗುತ್ತದೆ. ಇದ್ದೇ ಇರುತ್ತೇವೆ ಎನ್ನುವವರು ಕಾರಿನ ಮೂತಿಯನ್ನು ರಸ್ತೆಯ ಕಡೆ ಇಟ್ಟು ನಿಲ್ಲಿಸಬೇಕು, ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಒಂದು ವಾರದ ಔಷಧಿ, ದಾಖಲೆಗಳ ಪ್ರತಿ ಇರುವ ಚೀಲ ಬಾಗಿಲ ಹತ್ತಿರ ಇರಲಿ. ನೀರನ್ನು ಮಾತ್ರ ಕಾರಿನಲ್ಲೇ ಇಡಬೇಡಿ, ಔಷಧಿಯನ್ನಂತೂ ಬೇಡವೇ ಬೇಡ. 45 ಡಿಗ್ರಿಯ ಬಿಸಿಲಲ್ಲಿ ನಿಂತ ಕಾರಿನೊಳಗೆ ಇನ್ಸುಲಿನ್ ಕೆಟ್ಟುಹೋಗುತ್ತದೆ.

ಲಿಟ್ಟನ್‌ನಿಂದ ಹೊರಟವರು ಕೈಗೆ ಸಿಕ್ಕ ದಾರಿ ಹಿಡಿದು ಬೇರೆ ಬೇರೆ ಊರುಗಳಿಗೆ ಚದುರಿದರು. ಕರೆಂಟು, ಫೋನು ಎರಡೂ ಹೋಗಿದ್ದವು. ಯಾರು ಬದುಕಿದ್ದಾರೆ ಎಂದು ಗೊತ್ತುಮಾಡಿಕೊಳ್ಳಲು ದಿನಗಳೇ ಹಿಡಿದವು. ಇದಕ್ಕೆ ಮದ್ದು ಬಹಳ ಹಳೆಯದು, ಬಹಳ ಅಗ್ಗದ್ದು: ದೂರದ ಊರಿನ ಒಬ್ಬರ ಫೋನ್ ನಂಬರ್ ಮನೆಯ ಎಲ್ಲರಿಗೂ ಬಾಯಿಪಾಠ ಇರಬೇಕು, ಎಲ್ಲರೂ ಅವರಿಗೇ ಸುದ್ದಿ ಮುಟ್ಟಿಸಬೇಕು.

ಮನೆ ಹೊತ್ತಿದ್ದು ಹೇಗೆ

2022ರಲ್ಲಿ ಜ್ಯಾಕ್ ಕೋಹೆನ್ ಮತ್ತು ಆಲನ್ ವೆಸ್ಟ್‌ಹೇವರ್ ಎಂಬ ಬೆಂಕಿ ತಜ್ಞರು ಕೆನಡಾದ ಒಂದು ವಿಪತ್ತು ಸಂಶೋಧನಾ ಸಂಸ್ಥೆಗಾಗಿ ಲಿಟ್ಟನ್‌ನ ನಾಶವನ್ನು ಪರಿಶೀಲಿಸಿ ವರದಿ ಕೊಟ್ಟರು. ಜನರ ಕಣ್ಣಿಗೆ ಕಟ್ಟಿದ ಚಿತ್ರ ಕಾಡಿನಿಂದ ಗೋಡೆಯಂತೆ ಎದ್ದು ಬಂದ ಜ್ವಾಲೆಯದು. ಅವರು ಕಂಡದ್ದು ಬೇರೆ. ಊರಿನ ಅಂಚಿಗೆ ಬಂದದ್ದು ಹುಲ್ಲು, ಪೊದೆಗಳ ನೆಲಬೆಂಕಿ. ಅದರ ಕಿಡಿಗಳು, ಸಣ್ಣ ಜ್ವಾಲೆಗಳು ಹಲವು ಕಟ್ಟಡಗಳನ್ನು ಹೆಚ್ಚುಕಡಿಮೆ ಒಟ್ಟಿಗೆ ಹೊತ್ತಿಸಿದವು. ಆಮೇಲೆ ಮನೆಯಿಂದ ಮನೆಗೆ ಹರಡಿತು. ಮನೆಯೇ ಉರುವಲಾಯಿತು, ಕಾಡು ಬರೀ ಬೆಂಕಿಕಡ್ಡಿ.

ಹೊತ್ತಿದ ಒಂದು ಮನೆಗೆ ಒಂದು ಬೆಂಕಿ ವಾಹನ, ನಾಲ್ಕೈದು ಜನ ಬೇಕು. ಹತ್ತು ಮನೆ ಒಟ್ಟಿಗೆ ಹೊತ್ತಿದರೆ ದೊಡ್ಡ ಪಟ್ಟಣದ ದಳವೂ ಕೈಚೆಲ್ಲುತ್ತದೆ, ಇಲ್ಲಿದ್ದುದು ಸಣ್ಣ ಊರಿನ ದಳ. ಅಲ್ಲದೆ ಮನೆ ಸುಟ್ಟು ಬಿದ್ದಾಗ ಒಳಗಿನ ನಲ್ಲಿ ಕೊಳವೆಗಳು ಬಾಯಿ ತೆರೆದುಕೊಂಡು ನೀರು ಸುಮ್ಮನೆ ಹರಿಯುತ್ತದೆ, ಊರಿಗೇ ಒತ್ತಡ ಇಳಿಯುತ್ತದೆ. ಚಾವಣಿಯ ಮೇಲೆ ಸ್ಪ್ರಿಂಕ್ಲರ್ ಇಟ್ಟು ನಲ್ಲಿಯನ್ನು ನಂಬಿ ಕೂತವರಿಗೆ ಮೊದಲು ಕೈಕೊಡುವುದು ಇದೇ. ಸ್ಪ್ರಿಂಕ್ಲರ್ ಬೇಕೆಂದರೆ ಸ್ವಂತ ತೊಟ್ಟಿ, ಇಂಧನದಿಂದ ಓಡುವ ಪಂಪು ಎರಡೂ ಬೇಕು. ಕರೆಂಟಿನ ಪಂಪು ಆ ಹೊತ್ತಿಗೆ ಸತ್ತಿರುತ್ತದೆ.

ಹಾಗಾದರೆ ಕಿಡಿ ಎಲ್ಲಿ ಕೂರುತ್ತದೆ? ಗೋಡೆ ನೆಲಕ್ಕೆ ಕೂಡುವ ಮೂಲೆಯನ್ನು ಗಾಳಿ ಬೀಸುವ ದಿನ ನೋಡಿದರೆ ಉತ್ತರ ಸಿಗುತ್ತದೆ. ಒಣ ಎಲೆ ಎಲ್ಲಿ ಗುಡ್ಡೆಯಾಗಿದೆಯೋ ಕಿಡಿಯೂ ಅಲ್ಲೇ ಗುಡ್ಡೆಯಾಗುತ್ತದೆ, ಏಕೆಂದರೆ ಎರಡನ್ನೂ ತಂದು ಹಾಕುವುದು ಅದೇ ಗಾಳಿಯ ಸುಳಿ. ಬಾಗಿಲ ಮುಂದಿನ ತೆಂಗಿನ ನಾರಿನ ಕಾಲೊರಸು, ಗೋಡೆಗೆ ಒರಗಿಸಿದ ಪೊರಕೆ, ಜಗಲಿ ಹಲಗೆಗಳ ಸಂದಿನಲ್ಲಿ ಸಿಕ್ಕಿದ ಪೈನ್ ಸೂಜಿ, ಸೂರಿನ ದೋಣಿಯಲ್ಲಿ ಕೊಳೆತು ಒಣಗಿದ ಎಲೆ. ಉಗುರಿನಷ್ಟು ಕೆಂಡ ಈ ಯಾವುದರ ಮೇಲೆ ಕೂತರೂ ಸಾಕು. ಮೊದಲು ಹೊಗೆ, ಆಮೇಲೆ ಅಂಗೈ ಎತ್ತರದ ಜ್ವಾಲೆ, ಅದು ಗೋಡೆಯ ಪ್ಲಾಸ್ಟಿಕ್ ಹೊದಿಕೆಯನ್ನು ಕರಗಿಸಿ ಕೆಳಗಿನ ಹಲಗೆಯನ್ನು ಬಯಲು ಮಾಡುತ್ತದೆ. ಮನೆಯವರು ಇದ್ದಿದ್ದರೆ ಒಂದು ಚೊಂಬು ನೀರಿನಲ್ಲಿ ಆರಿಸಬಹುದಿತ್ತು. ಆದರೆ ಆ ಹೊತ್ತಿಗೆ ಮನೆಯವರು ಹೆದ್ದಾರಿಯಲ್ಲಿ ಇರುತ್ತಾರೆ, ಇರಬೇಕಾದದ್ದೂ ಅಲ್ಲೇ.

ಕೆನಡಾದ ಫೈರ್‌ಸ್ಮಾರ್ಟ್ ಕಾರ್ಯಕ್ರಮ ಮನೆಯ ಸುತ್ತ ವಲಯ ಮಾಡಿಕೊಳ್ಳಲು ಹೇಳುವುದು ಈ ಕಾರಣಕ್ಕೆ. ಗೋಡೆಯಿಂದ 1.5 ಮೀಟರ್‌ವರೆಗೆ ಸುಡುವಂಥದ್ದು ಏನೂ ಇರಬಾರದು, ಜಲ್ಲಿ, ಕಲ್ಲು, ಕಾಂಕ್ರೀಟ್ ಮಾತ್ರ. ಅಲ್ಲಿಂದ 10 ಮೀಟರ್‌ವರೆಗೆ ಸೌದೆ ರಾಶಿ, ಜ್ಯೂನಿಪರ್‌ನಂಥ ಎಣ್ಣೆ ಪೊದೆ, ಪೈನ್‌ನಂಥ ಸೂಜಿ ಎಲೆಯ ಶಂಕುಮರ ಬೇಡ. 10ರಿಂದ 30 ಮೀಟರ್‌ನಲ್ಲಿ ಮರಗಳ ತಲೆಗಳ ನಡುವೆ ಮೂರು ಮೀಟರ್ ಬಿಡುವು, ನೆಲದಿಂದ ಎರಡು ಮೀಟರ್ ಎತ್ತರದವರೆಗೆ ಕೊಂಬೆ ಸವರುವುದು. ಅಟ್ಟದ ಗಾಳಿಗಂಡಿಗಳಿಗೆ 3 ಮಿಲಿಮೀಟರ್ ಕಣ್ಣಿನ ಲೋಹದ ಜಾಲರಿ. ಎಷ್ಟೋ ಮನೆಗಳಲ್ಲಿರುವುದು ಹಕ್ಕಿ, ಅಳಿಲು ತಡೆಯುವ 6 ಮಿಲಿಮೀಟರ್ ಜಾಲರಿ. ಕಿಡಿ ಅದರಲ್ಲಿ ಸರಾಗವಾಗಿ ನುಗ್ಗುತ್ತದೆ.

ಇವುಗಳಲ್ಲಿ ಒಂದನ್ನೇ ಮಾಡಲು ಶಕ್ತಿ ಇದ್ದರೆ 1.5 ಮೀಟರ್ ಮಾಡಿ. ಜನ ಸಾಮಾನ್ಯವಾಗಿ ತಲೆಕೆಳಗು ಮಾಡುತ್ತಾರೆ: ಮೂವತ್ತು ಮೀಟರ್ ಆಚೆಯ ಮರ ಕಡಿಸಲು ಹಣ ಸುರಿದು, ಮನೆಗೆ ಅಂಟಿಕೊಂಡ ಮರದ ಬೇಲಿಯನ್ನು ಹಾಗೆಯೇ ಬಿಡುತ್ತಾರೆ. ಬೇಲಿ ಎನ್ನುವುದು ಬತ್ತಿ. ಆ ತುದಿಯಲ್ಲಿ ಹೊತ್ತಿದ್ದನ್ನು ಈ ತುದಿಯ ಗೋಡೆಗೆ ತಂದು ಮುಟ್ಟಿಸುತ್ತದೆ. ಮನೆಗೆ ತಾಗುವ ಕೊನೆಯ 1.5 ಮೀಟರ್ ಕಿತ್ತು ಅಲ್ಲಿ ಲೋಹದ ಗೇಟು ಹಾಕಿದರೆ ಆ ಬತ್ತಿ ತುಂಡಾಯಿತು.

ಎರಡೂ ಸಿದ್ಧತೆ ಎದುರುಬದುರಾಗುವ ಕಡೆ

ಸೆಕೆಯ ಲೆಕ್ಕವನ್ನೂ ನೋಡಬೇಕು, ಏಕೆಂದರೆ ಆ ವಾರ ಪ್ರಾಂತ್ಯದಲ್ಲಿ ಜೀವ ತೆಗೆದದ್ದರಲ್ಲಿ ಬೆಂಕಿಯ ಪಾಲು ತೀರಾ ಸಣ್ಣದು. ಜೂನ್ 25ರಿಂದ ಜುಲೈ 1ರವರೆಗೆ ಬ್ರಿಟಿಷ್ ಕೊಲಂಬಿಯಾದಲ್ಲಿ 619 ಜನ ಸೆಕೆಯಿಂದ ಸತ್ತರೆಂದು ಪ್ರಾಂತ್ಯದ ಶವತನಿಖಾ ಇಲಾಖೆ ಲೆಕ್ಕ ಕೊಟ್ಟಿತು. ಅವರಲ್ಲಿ ಶೇ. 98 ಜನರಿಗೆ ಸಾವು ಬಂದದ್ದು ಮನೆಯೊಳಗೆ ಅಥವಾ ಇನ್ನಾವುದೋ ಕಟ್ಟಡದೊಳಗೆ. ಮೂರರಲ್ಲಿ ಎರಡು ಪಾಲು ಎಪ್ಪತ್ತು ದಾಟಿದವರು, ಅರ್ಧಕ್ಕೂ ಹೆಚ್ಚು ಜನ ಒಂಟಿಯಾಗಿದ್ದವರು. ಅತಿ ಹೆಚ್ಚು ಸಾವು 29ರಂದು, ಸೆಕೆ ಶುರುವಾಗಿ ದಿನಗಳಾದ ಮೇಲೆ. ಗೋಡೆ, ಚಾವಣಿ ಹಗಲು ಕುಡಿದ ಬಿಸಿಯನ್ನು ರಾತ್ರಿ ಉಗುಳುತ್ತವೆ, ಮರುದಿನ ಮನೆ ಇನ್ನೂ ಮೇಲಿನ ಮೆಟ್ಟಿಲಿಂದ ಶುರು ಮಾಡುತ್ತದೆ. ಒಳಗಿನ ತಾಪ 31 ಡಿಗ್ರಿ ದಾಟಿ ಅಲ್ಲೇ ನಿಂತರೆ ವಯಸ್ಸಾದವರಿಗೆ ಅಪಾಯ ಎಂಬುದು ಅಲ್ಲಿನ ಆರೋಗ್ಯ ಇಲಾಖೆಯ ಗಡಿರೇಖೆ. ಫ್ಯಾನು ಹಾಕಿಕೊಂಡರಾಯಿತು ಎನ್ನುವಂತಿಲ್ಲ. ಗಾಳಿ ಚರ್ಮಕ್ಕಿಂತ ಬಿಸಿಯಾದ ಮೇಲೆ ಫ್ಯಾನು ಬಿಸಿಯನ್ನೇ ಮೈಮೇಲೆ ಸುರಿಯುತ್ತದೆ. 40 ಡಿಗ್ರಿ ಮೇಲೆ ಬೇಡವೆಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈಗ ಜಗಳ ನೋಡಿ. ಸೆಕೆಗೆ ಪಶ್ಚಿಮದ ಗೋಡೆಗೆ ನೆರಳು ಬೇಕು. ಕೈಗೆ ಸುಲಭವಾಗಿ ಸಿಗುವುದು ಬಿದಿರಿನ ತಟ್ಟಿ, ಬಟ್ಟೆಯ ಪರದೆ, ಬಳ್ಳಿ ಹಬ್ಬಿಸಿದ ಚಪ್ಪರ. ಮೂರೂ ಕಿಡಿಗೆ ಹಾಸಿದ ಹಾಸಿಗೆ. ಕಿಟಕಿಯ ಒಳಗಿನ ಪರದೆ ಸುಡುವ ಭಯ ಕಡಿಮೆ, ಆದರೆ ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತದೆ, ಅರ್ಧ ಉಪಯೋಗವಷ್ಟೇ. ಎರಡಕ್ಕೂ ಒಗ್ಗುವುದು ಕಿಟಕಿಯ ಹೊರಗೆ ಲೋಹದ ಶಟರ್, ತಿಳಿ ಬಣ್ಣದ್ದು. ಹಗಲು ಬಿಸಿಲು ತಡೆಯುತ್ತದೆ, ಹೊರಡುವಾಗ ಮುಚ್ಚಿದರೆ ಗಾಜನ್ನೂ ಕಾಯುತ್ತದೆ. ಮರದ ನೆರಳೇ ಬೇಕೆಂದರೆ ಅಗಲೆಲೆಯ ಮರ, ಮನೆಯಿಂದ ದೂರ, ಕೊಂಬೆ ಚಾವಣಿಯ ಮೇಲೆ ಚಾಚದಂತೆ.

ಗೋಡೆಯ ಬುಡದ ಜಲ್ಲಿಪಟ್ಟಿಗೂ ಒಂದು ದೋಷವಿದೆ. ಬೆಂಕಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಬಿಸಿಲಿಗೆ ಕಾದು ರಾತ್ರಿಯವರೆಗೂ ಗೋಡೆಯನ್ನು ಬೇಯಿಸುತ್ತದೆ. ಕಪ್ಪು ಜಲ್ಲಿ ಹಾಕಿದವರಿಗೆ ಇನ್ನೂ ಕಷ್ಟ. ಉದ್ದನೆಯ ಸೂರು ಪಟ್ಟಿಯ ಮೇಲೆ ನೆರಳು ಬೀಳಿಸಿದರೆ ಇದು ಬಗೆಹರಿಯುತ್ತದೆ. ಆದರೆ ಸೂರಿನ ಒಳಮೈ ತೆರೆದಿದ್ದರೆ ಅಲ್ಲಿ ಕಿಡಿ ಸುಳಿದು ಅಟ್ಟಕ್ಕೆ ಏರುತ್ತದೆ. ಹಾಗಾಗಿ ಒಳಮೈಯನ್ನು ಸಿಮೆಂಟ್ ಹಲಗೆ ಅಥವಾ ಲೋಹದ ತಗಡಿನಿಂದ ಮುಚ್ಚಬೇಕು. ಒಂದು ಕೆಲಸ ಇನ್ನೊಂದನ್ನು ಎಳೆದು ತರುತ್ತದೆ, ಬಿಡಿಬಿಡಿಯಾಗಿ ಮಾಡಿದರೆ ಅರ್ಧ ದಾರಿಯಲ್ಲಿ ನಿಂತಂತೆ.

ಗಾಳಿಯಾಟದ ವಿಷಯ ಇನ್ನೂ ತೊಡಕು. ಹಗಲು ಕಿಟಕಿ ಮುಚ್ಚಿ, ರಾತ್ರಿ ಹೊರಗೆ ತಂಪಾದ ಮೇಲೆ ತೆರೆಯುವುದು ಸೆಕೆಯ ಪಾಠ. ಆದರೆ ಕಿಟಕಿ ತೆರೆದು ಮಲಗಿದ ಮನೆಗೆ ಕಿಡಿ ಬಂದರೆ ಪರದೆ ಹೊತ್ತಲು ಬೇರೇನೂ ಬೇಕಿಲ್ಲ, ಹೊಗೆ ಬಂದರೆ ರಾತ್ರಿಯ ತಂಪನ್ನೂ ಬಿಡಬೇಕು. ಒಣ ಪ್ರದೇಶಗಳಲ್ಲಿ ಬಳಸುವ ಒದ್ದೆ ಪ್ಯಾಡಿನ ಕೂಲರ್ ಹೊರಗಿನ ಗಾಳಿಯನ್ನೇ ಎಳೆದು ಒಳಗೆ ಬಿಡುತ್ತದೆ, ಅಂದರೆ ಹೊಗೆಯನ್ನೂ ಎಳೆಯುತ್ತದೆ. ಕರೆಂಟು ಹೋಗಿ ಒಣಗಿದ ಮೇಲೆ ಅದರ ಮರದ ನಾರಿನ ಪ್ಯಾಡು ಗೋಡೆಯಲ್ಲಿ ಸಿಕ್ಕಿಸಿದ ಪುರುಳೆ. ಕೋಣೆಯಿಂದ ಕೋಣೆಗೆ ತಳ್ಳಿಕೊಂಡು ಹೋಗುವ ಏಸಿಯ ಕೊಳವೆಗಾಗಿ ಕಿಟಕಿಯ ಸಂದಿಗೆ ತುರುಕಿದ ಫೋಮ್ ಹಲಗೆಯೂ ಅಷ್ಟೇ, ಮೊದಲು ಕರಗುವುದು ಅದು. ಹೊರಡುವ ಮುನ್ನ ಎರಡು ನಿಮಿಷ ಸಿಕ್ಕರೆ ಅದನ್ನು ಕಿತ್ತು, ಕಿಟಕಿ ಮುಚ್ಚಿ, ಕೂಲರ್ ಮತ್ತು ಅಟ್ಟದ ಫ್ಯಾನು ಆರಿಸಿ, ಕಾಲೊರಸನ್ನು ಒಳಗೆಸೆದು ಹೋಗಿ. ಅಡುಗೆ ಅನಿಲದ ಸಿಲಿಂಡರ್ ಜಗಲಿಯಲ್ಲಿದ್ದರೆ ಅದನ್ನು ಹತ್ತು ಮೀಟರ್ ದೂರ ಇಡುವ ಕೆಲಸ ಮಾತ್ರ ಬೇಸಿಗೆ ಶುರುವಾಗುವ ಮುಂಚೆಯೇ ಆಗಿರಲಿ.

ಹೊಗೆಯ ದಿನಗಳಿಗೆ ಒಂದು ಕೋಣೆ ಸಾಕು. ಉತ್ತರದ, ಕೆಳಗಿನ ಮಹಡಿಯ, ಕಿಟಕಿ ಕಡಿಮೆ ಇರುವ ಕೋಣೆಯನ್ನು ಆರಿಸಿ. ಅದರಲ್ಲಿ ಸಣ್ಣ ಏಸಿ, ಜೊತೆಗೆ ಪೆಟ್ಟಿಗೆ ಫ್ಯಾನಿಗೆ ಹೊಗೆಯ ಸಣ್ಣ ಕಣ ಹಿಡಿಯುವ ಮರ್ವ್ 13 ದರ್ಜೆಯ ಫಿಲ್ಟರ್ ಕಟ್ಟಿದ ಶೋಧಕ. ಇಡೀ ಮನೆಯನ್ನು ತಂಪು ಮಾಡಲು ಹೋಗಿ ಯಾವ ಕೋಣೆಯೂ 31ಕ್ಕಿಂತ ಕೆಳಗೆ ಇಳಿಯದೆ ಒದ್ದಾಡುವುದಕ್ಕಿಂತ ಇದು ಲೇಸು. 2023ರಲ್ಲಿ ಪ್ರಾಂತ್ಯ ಸರ್ಕಾರ ಒಂದು ಕೋಟಿ ಡಾಲರ್ ತೆಗೆದಿಟ್ಟು, ಕಡಿಮೆ ಆದಾಯದ ಬಡಜೀವಗಳಿಗೆ 8,000 ಏಸಿ ಪುಕ್ಕಟೆ ಕೊಡುವ ಯೋಜನೆ ಮಾಡಿತು. ಜಾಲರಿಗೂ ಜಲ್ಲಿಗೂ ಅದೇ ಅರ್ಜಿಯಲ್ಲಿ ಒಂದು ಸಾಲು ಸೇರಿಸಿದ್ದರೆ ಕಾಡಂಚಿನ ಮನೆಗಳಿಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಇನ್ನೊಂದು ಮಾತು, ಅಂಗಳ ಗುಡಿಸುವ, ಸೂರಿನ ದೋಣಿಯ ಕಸ ತೆಗೆಯುವ, ಹುಲ್ಲು ಕೊಯ್ಯುವ ಕೆಲಸವನ್ನು ಸೆಕೆಯ ಮುನ್ಸೂಚನೆ ಬಂದ ಮೇಲೆ ಶುರು ಮಾಡಬಾರದು. ಏಣಿ ಹತ್ತಿದವನು ತಲೆಸುತ್ತಿ ಬೀಳುತ್ತಾನೆ. ಹುಲ್ಲು ಕೊಯ್ಯುವ ಯಂತ್ರದ ಅಲಗು ಕಲ್ಲಿಗೆ ತಾಗಿ ಹಾರುವ ಕಿಡಿ ಎಷ್ಟೋ ಬೆಂಕಿಗಳ ಮೂಲ. ಹುಲ್ಲು ಹಸಿರಿರುವಾಗಲೇ, ಬೆಳಗಿನ ಹೊತ್ತಿನಲ್ಲಿ ಕೊಯ್ದು ಮುಗಿಸಬೇಕು.

ಬೂದಿಯ ನಂತರ

ಲಿಟ್ಟನ್ ಕ್ರೀಕ್ ಎಂದು ಹೆಸರಾದ ಆ ಬೆಂಕಿ ಮುಂದೆ 83,000 ಹೆಕ್ಟೇರ್‌ಗೂ ಮೇಲೆ ಹಬ್ಬಿತು. ಜೂನ್ 30ರ ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ, ಪ್ರಾಂತ್ಯದ ಬೇರೆ ಬೆಂಕಿಗಳಿಂದ ಎದ್ದ ಹೊಗೆಮೋಡಗಳ ದೆಸೆಯಿಂದ ಬ್ರಿಟಿಷ್ ಕೊಲಂಬಿಯಾ ಮತ್ತು ಪಕ್ಕದ ಆಲ್ಬರ್ಟಾದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಿಂಚುಗಳು ದಾಖಲಾದವು. ಹವಾಮಾನ ಬದಲಾವಣೆ ಇಲ್ಲದಿದ್ದರೆ ಇಂಥ ಸೆಕೆ ಬರುವುದು ಅಸಾಧ್ಯವೇ ಎನ್ನುವಷ್ಟು ಅಪರೂಪ ಎಂದು ವರ್ಲ್ಡ್ ವೆದರ್ ಅಟ್ರಿಬ್ಯೂಷನ್ ಎಂಬ ಹವಾಮಾನ ವಿಜ್ಞಾನಿಗಳ ತಂಡ ಕೆಲವೇ ದಿನಗಳಲ್ಲಿ ಹೇಳಿತು.

ಊರು ಮತ್ತೆ ಕಟ್ಟಲು ಶುರು ಮಾಡುವುದಕ್ಕೇ ವರ್ಷಗಳು ಹಿಡಿದವು, ಅದಕ್ಕೆ ಬೆಂಕಿಯಷ್ಟೇ ಕಾಗದವೂ ಕಾರಣ. ಗ್ರಾಮ ಕಚೇರಿಯ ಜೊತೆ ಉಪವಿಧಿಗಳ ಪ್ರತಿಗಳು, ದಾಖಲೆಗಳು, ಅವುಗಳ ಬ್ಯಾಕಪ್ ಎಲ್ಲವೂ ಸುಟ್ಟಿದ್ದವು. ಕಟ್ಟಡ ಪರವಾನಗಿ ಕೊಡಲು ಆಧಾರವಾದ ನಿಯಮವೇ ಕೈಯಲ್ಲಿಲ್ಲ. ಬ್ಯಾಕಪ್ಪನ್ನು ಮೂಲದ ಪಕ್ಕದಲ್ಲೇ ಇಟ್ಟರೆ ಆಗುವುದೇ ಇಷ್ಟು. ಸುಟ್ಟ ಅವಶೇಷದಲ್ಲಿ ವಿಷವಸ್ತು ಇದ್ದುದರಿಂದ ಮಣ್ಣು ತೆಗೆಯಬೇಕು. ಆ ಮಣ್ಣಿನಡಿ ಇದ್ದದ್ದು ನ್ಲಕಪಮುಕ್ ಜನರ ಸಾವಿರಾರು ವರ್ಷಗಳ ನೆಲೆ, ಹಾಗಾಗಿ ಪುರಾತತ್ವದವರ ಕಣ್ಣೆದುರಲ್ಲೇ ಅಗೆಯಬೇಕು. ಎರಡು ವರ್ಷ ಕಳೆದರೂ ಹೆಚ್ಚಿನ ನಿವೇಶನಗಳು ಖಾಲಿ ಉಳಿದವು.

ಖಾಲಿ ನಿವೇಶನದಲ್ಲಿ ಮೊದಲು ಏಳುವುದು ಹುಲ್ಲು. ವಸಂತದಲ್ಲಿ ಹಸಿರಾಗಿ, ಜೂನ್ ಹೊತ್ತಿಗೆ ಒಣಗಿ ನಿಲ್ಲುತ್ತದೆ. ಮಾಲೀಕರು ಇನ್ನೊಂದು ಊರಿನ ಬಾಡಿಗೆ ಮನೆಯಲ್ಲಿ, ಕಚೇರಿ ತಾತ್ಕಾಲಿಕ ಕೋಣೆಯಲ್ಲಿ. ಸುಟ್ಟ ಊರನ್ನು ಕಟ್ಟುವ ಯಾವುದೇ ಯೋಜನೆಯಲ್ಲಿ ಮೊದಲ ವರ್ಷವೇ ಬರೆದಿಡಬೇಕಾದ ಸಾಲು: ಈ ಹುಲ್ಲನ್ನು ಮೇ ಮುಗಿಯುವುದರೊಳಗೆ ಕೊಯ್ಯುವವರು ಯಾರು, ಅದರ ಖರ್ಚು ಯಾರದು.